ಜುಂಜಪ್ಪನ ಕಾವ್ಯದಲ್ಲಿ ವಿಷವೂ ವಿಷಶಮನವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಊರಿನಿಂದ ತುಸು ದೂರದಲ್ಲಿ ಹಟ್ಟಿಗಳನ್ನು ಕಟ್ಟಿಕೊಂಡು ಬಾಳುವ ಕಾಡುಗೊಲ್ಲರಿಗೆ ಜುಂಜಪ್ಪನು ಪೂರ್ವಿಕನೂ ಹೌದು, ವೀರನೂ ಹೌದು, ದೈವವೂ ಹೌದು. ಹಿರಿಯೂರಿನ ನೆರೆಯ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಇರುವ ಜುಂಜಪ್ಪನ ಗುಡ್ಡೆಗೆ ಈ ಸೀಮೆಯ ಭಕ್ತರು ನಡೆದುಕೊಳ್ಳುವರು. ಹಾವು ಕಚ್ಚಿದರೂ ಚೇಳು ಕುಟುಕಿದರೂ ಮೊದಲು ನೆನೆಯತಕ್ಕ ಹೆಸರು ಅವನದೇ ಎಂಬುದು ಹಿಂದಿನಿಂದ ಬಂದ ನಂಬಿಕೆ. ಈ ನಂಬಿಕೆಯನ್ನು ಆಚಾರವೆಂದು ವರ್ಣಿಸಿದವರು ಹಲವರಿದ್ದಾರೆ. ಜುಂಜಪ್ಪನ ಕಥನಕಾವ್ಯಕ್ಕೂ ಇದಕ್ಕೂ ಇರುವ ಸಂಬಂಧವೇನೆಂಬುದನ್ನು ಕಾವ್ಯವಿಮರ್ಶೆಯ ದೃಷ್ಟಿಯಿಂದ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಥೆಯನ್ನು ಹಾಡುಗಾರರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ವಿಸ್ತರಿಸುವರಾದರೂ ಅದರ ಬೆನ್ನೆಲುಬು ಒಂದೇ. ಕೆಂಗುರಿ ಮಲ್ಲೇಗೌಡನಿಗೂ ಚಿನ್ನಮ್ಮನಿಗೂ ಹುಟ್ಟಿದ ಜುಂಜಪ್ಪನು ದನಗಳ ಮಂದೆಯನ್ನೇ ತನ್ನ ಸಂಸಾರವೆಂದು ಬಗೆದು ಅಡವಿಯಲ್ಲಿ ಬೆಳೆಯುವನು. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ಅವನ ಸಂಗಾತಿ. ಅವನ ಏಳಿಗೆಯನ್ನು ಸಹಿಸದ ಸೋದರಮಾವಂದಿರು ಅವನ ಮೇಲೆ ಹಗೆ ಸಾಧಿಸಿ, ಕೊನೆಗೆ ವಿಷವಿಕ್ಕುವರು. ಅವನು ಮಡಿದು ದೈವವಾಗುವನು.

ಇಲ್ಲಿ ವಿಮರ್ಶಕನು ನಿಂತು ನೋಡತಕ್ಕ ಸಂಗತಿಯೊಂದುಂಟು. ವಿಷದಿಂದ ಸತ್ತವನೇ ವಿಷವನ್ನು ಇಳಿಸುವ ದೈವವಾಗಿರುವನು. ನಮ್ಮ ಪುರಾಣಗಳಲ್ಲಿ ನೀಲಕಂಠನು ಹಾಲಾಹಲವನ್ನು ಕುಡಿದನು, ಆದರೆ ಸಾಯಲಿಲ್ಲ. ವಿಷವು ಅವನ ಕೊರಳಿಗೆ ಆಭರಣವಾಯಿತು. ಜುಂಜಪ್ಪನಿಗೆ ಆ ಭಾಗ್ಯವಿಲ್ಲ. ಅವನನ್ನು ಗುಣಪಡಿಸುವವರು ಯಾರೂ ಇರಲಿಲ್ಲ. ತನಗೆ ದೊರೆಯದ ಶಮನವನ್ನು ತನ್ನ ಬಳಗಕ್ಕೆ ಕೊಡುವವನಾಗಿ ಅವನನ್ನು ಹಾಡುಗಾರರು ಕಂಡಿರುವರು. ಶಿವನ ಕಥೆಯಲ್ಲಿ ಮುಖ್ಯವಾದುದು ಅದ್ಭುತ. ಜುಂಜಪ್ಪನ ಕಥೆಯಲ್ಲಿ ಕರುಣವೇ ಅಂಗಿರಸ.

ಎರಡನೆಯ ಸಂಗತಿಯೂ ಇದಕ್ಕೆ ಹೊಂದಿಕೊಂಡೇ ಇದೆ. ಜುಂಜಪ್ಪನನ್ನು ಕಾಡು ಕೊಲ್ಲಲಿಲ್ಲ, ಮನೆ ಕೊಂದಿತು. ಹುಲಿ ಹಾವುಗಳ ನಡುವೆ ನಿರ್ಭಯನಾಗಿ ಬಾಳಿದವನು ಬಂಧುಗಳ ಕೈಯ ವಿಷಕ್ಕೆ ಬಲಿಯಾದನು. ಕಾವ್ಯದಲ್ಲಿ ಪ್ರಕೃತಿಯು ನಂಬಿಕೆಗೆ ತಕ್ಕದ್ದು, ದ್ರೋಹವೆಲ್ಲ ಮನುಷ್ಯರದು. ಮಂದೆಯ ಗೂಳಿಗಿರುವ ನಿಷ್ಠೆ ಮಾವಂದಿರಿಗಿಲ್ಲ. ಹೀಗಿರಲು, ಹಾವಿನ ವಿಷಕ್ಕೆ ಜುಂಜಪ್ಪನನ್ನು ನೆನೆಯುವುದರ ಒಳಗೆ ಇನ್ನೊಂದು ವಿಷದ ನೆನಪೂ ಅಡಗಿದೆಯೆಂದು ತೋರುತ್ತದೆ. ಅದು ಒಡಹುಟ್ಟಿದವರ, ನೆಂಟರಿಷ್ಟರ ಹೊಟ್ಟೆಕಿಚ್ಚಿನ ವಿಷ. ಹಟ್ಟಿಯಂತಹ ಸಣ್ಣ ಸಮಾಜಕ್ಕೆ ಇದಕ್ಕಿಂತ ಭಯಂಕರವಾದ ರೋಗವಿಲ್ಲ. ರಾತ್ರಿ ಗಣೆಯ ಸುತ್ತ ಕುಳಿತು ಕಥೆಯನ್ನು ಕೇಳುವ ದಾಯಾದಿಗಳು ಆ ರೋಗದ ಹೆಸರನ್ನು ಎಲ್ಲರೆದುರಿಗೆ ಕೇಳಿಸಿಕೊಳ್ಳುವರು. ಈ ಕಾವ್ಯದ ಚಿಕಿತ್ಸೆ ಮೊದಲಿಗೆ ಇದು.

ವ್ರತಕಥೆಗಳ ಕೊನೆಯಲ್ಲಿ ಫಲಶ್ರುತಿಯೊಂದು ಬರುವುದು ವಾಡಿಕೆ: ಇದನ್ನು ಓದಿದವರಿಗೆ ಆರೋಗ್ಯ, ಕೇಳಿದವರಿಗೆ ಸಂತಾನ ಎಂದು. ಆ ಫಲವು ಎಷ್ಟೋ ವೇಳೆ ಕಥೆಗೆ ಹೊರಗಿನಿಂದ ಹೊಲಿದ ಸೆರಗಿನಂತೆ ಇರುತ್ತದೆ. ಬಿಚ್ಚಿದರೂ ಕಥೆಗೆ ಊನವಿಲ್ಲ. ಜುಂಜಪ್ಪನ ಕಾವ್ಯದಲ್ಲಿ ಶಮನವೆಂಬುದು ಕಥೆಯ ಗರ್ಭದಿಂದಲೇ ಹುಟ್ಟಿರುವುದು. ವಿಷಪ್ರಸಂಗವನ್ನು ತೆಗೆದರೆ ದೈವವೇ ಇಲ್ಲ.

ಇನ್ನು ಈ ಕಾವ್ಯದ ಪ್ರಕೃತಿಯನ್ನು ಕುರಿತು ಒಂದು ಮಾತು. ಪಂಪನ ಬನವಾಸಿಯನ್ನು ಓದಿ ಬೆಳೆದ ನಮಗೆ ಪ್ರಕೃತಿಯೆಂದರೆ ಮಾವು ಮಲ್ಲಿಗೆಗಳೇ ನೆನಪಿಗೆ ಬರುವುದು ಸಹಜ. ಈ ಸೀಮೆಯ ಬಹುಭಾಗ ಅಂತಹುದಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿದ ವಾಣೀವಿಲಾಸಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಮಳೆಯನ್ನು ಹೀಗೆ ಕಾಯಬೇಕಾದ ನೆಲದಲ್ಲಿ ಬೆಳೆಯುವುದು ಕಾರೆ, ಬೇವು, ತಂಗಡಿ, ಜಾಲಿ. ಇಲ್ಲಿ ಹಿರಿಯರ ಅರಿವೆಂದರೆ ಯಾವ ತಿಂಗಳಲ್ಲಿ ಯಾವ ಕಾವಲಿನಲ್ಲಿ ಹುಲ್ಲುಂಟು, ಯಾವ ಹಳ್ಳದಲ್ಲಿ ಒರತೆ ತೋಡಿದರೆ ನೀರು ಸಿಕ್ಕೀತು ಎಂಬುದು. ದನ ಬದುಕಿದರೆ ಜನ ಬದುಕಿತು. ಆದುದರಿಂದ ಈ ಕಾವ್ಯದಲ್ಲಿ ಮಂದೆಯ ಕ್ಷೇಮವೂ ಮೈಯ ಆರೋಗ್ಯವೂ ಬೇರೆ ಬೇರೆಯಲ್ಲ. ಪ್ರಕೃತಿಯು ಇಲ್ಲಿ ವರ್ಣನೆಗೆ ವಸ್ತುವಲ್ಲ, ಬಾಳಿನ ಕರಾರು.

ದೂರದೇಶದ ಸಾಹಿತ್ಯವೊಂದರ ಹೋಲಿಕೆಯಿಂದ ಈ ವಿಚಾರವು ಇನ್ನಷ್ಟು ಸ್ಪಷ್ಟವಾಗಬಹುದು. ಆಫ್ರಿಕಮೂಲದ ಅಮೆರಿಕನ್ ಲೇಖಕಿ ಟೋನಿ ಮಾರಿಸನ್ ಅವರು 1984ರ ಪ್ರಬಂಧವೊಂದರಲ್ಲಿ, ತಮ್ಮ ಜನರ ಕಾದಂಬರಿಯನ್ನು ಅಳೆಯುವಾಗ ಅದರಲ್ಲಿ ಪೂರ್ವಿಕನಿರುವನೋ ಇಲ್ಲವೋ ಎಂಬುದನ್ನು ನೋಡಬೇಕೆಂದು ವಾದಿಸಿರುವರು. ಟೋನಿ ಕೇಡ್ ಬಂಬಾರಾ ಅವರು 1980ರಲ್ಲಿ ಪ್ರಕಟಿಸಿದ ‘ದಿ ಸಾಲ್ಟ್ ಈಟರ್ಸ್’ ಕಾದಂಬರಿಯಲ್ಲಿ, ಪ್ರಾಣ ಕಳೆದುಕೊಳ್ಳಹೊರಟ ಹೆಂಗಸಿಗೆ ಚಿಕಿತ್ಸೆ ಮಾಡುವ ಮುದುಕಿಯು, ಗತಿಸಿದ ಹಿರಿಯಳೊಬ್ಬಳ ಸಲಹೆಯನ್ನು ಪಡೆಯುತ್ತ, ಗುಣವಾಗಲು ನಿನಗೆ ನಿಜವಾಗಿ ಮನಸ್ಸಿದೆಯೆ ಎಂದೇ ಮೊದಲು ಕೇಳುವಳು. ಅಲ್ಲಿಯೂ ಮದ್ದಿಗಿಂತ ಮೊದಲು ಸಂಬಂಧ. ಆದರೆ ಭೇದವೂ ಉಂಟು. ಗುಲಾಮಗಿರಿಯು ಅವರ ಪೂರ್ವಿಕರ ಹೆಸರುಗಳನ್ನೇ ಅಳಿಸಿತು. ಆ ಲೇಖಕಿಯರು ಕಡಿದ ಬೇರನ್ನು ಹುಡುಕಿ ಜೋಡಿಸಬೇಕಾಯಿತು. ನಮ್ಮ ಹಟ್ಟಿಗಳಲ್ಲಿ ಬೇರು ಕಡಿದಿಲ್ಲ. ಹೆಸರೂ ಗುಡ್ಡೆಯೂ ಹಾಡೂ ಉಳಿದಿವೆ. ಅಲ್ಲಿನ ಕಷ್ಟ ಮರೆವು. ಇಲ್ಲಿನ ಕಷ್ಟ, ನೆನಪಿನಲ್ಲಿರುವುದನ್ನೆಲ್ಲ ವಿವೇಕವೆಂದು ಒಪ್ಪಿಕೊಂಡುಬಿಡುವುದು.

ಈ ಕಷ್ಟವನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಒಯ್ಯದೆ ಹರಕೆಯನ್ನೇ ನೆಚ್ಚಿದರೆ ಪ್ರಾಣ ಹೋಗುವುದು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಹೆರಿಗೆಯಾದವಳನ್ನೂ ಮುಟ್ಟಾದವಳನ್ನೂ ಹಟ್ಟಿಯ ಹೊರಗಿರಿಸುವ ಸೂತಕದ ಪದ್ಧತಿಯೂ ಹಿರಿಯರ ಹೆಸರಿನಲ್ಲಿಯೇ ಬಂದದ್ದು. ಬಾಣಂತಿಯೂ ಹಸುಗೂಸೂ ಚಳಿಮಳೆಗೆ ಮೈಯೊಡ್ಡಿ ಪಟ್ಟ ಪಾಡನ್ನು ಯಾವ ಜನಪದಪ್ರೀತಿಯೂ ಮರೆಸಲಾರದು. ಕರ್ನಾಟಕದ ಶಾಸನಸಭೆಯು 2017ರಲ್ಲಿ ಅಂಗೀಕರಿಸಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ಪದ್ಧತಿಗಳ ಪ್ರತಿಬಂಧದ ಕಾಯಿದೆಯು ಇಂತಹ ಬಲವಂತದ ಬಹಿಷ್ಕಾರವನ್ನು ಅಪರಾಧವೆಂದು ಎಣಿಸಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ಇಲ್ಲಿ ನೆನೆಯಬೇಕು. ಅಕ್ಷರ ಕಲಿಯದ ಆ ತಾಯಿ ತನ್ನ ಬಳಗದ ಹಾಡುಗಳ ಭಂಡಾರವನ್ನೇ ನಾಲಗೆಯಲ್ಲಿ ಹೊತ್ತಿದ್ದಳು. ಶ್ರೀ ಕೃಷ್ಣಮೂರ್ತಿ ಹನೂರರು ಅವಳ ಹಾಡುಗಳನ್ನು ಬರೆದುಕೊಂಡು ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಗೌರವಿಸಿತು. ಪೂರ್ವಿಕರ ಹಾಡನ್ನು ಕಾಪಾಡಿದ ಹೆಣ್ಣುಮಕ್ಕಳನ್ನೇ ಪೂರ್ವಿಕರ ಹೆಸರಿನಲ್ಲಿ ಹೊರಗಿರಿಸುವ ವಿರೋಧವನ್ನು ಕಂಡೂ ಕಾಣದಂತಿರುವ ವಿಮರ್ಶೆಯು ಅಪೂರ್ಣ.

ಹಾಗೆಂದು ಕಾವ್ಯವನ್ನೂ ಪದ್ಧತಿಯನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಎಸೆಯುವುದು ನ್ಯಾಯವಲ್ಲ. ಇವೆರಡನ್ನು ಬೇರ್ಪಡಿಸುವ ಅಳತೆಯನ್ನು ಕಾವ್ಯವೇ ನಮ್ಮ ಕೈಗೆ ಕೊಡುತ್ತದೆ. ತನ್ನವರನ್ನು ತನ್ನವರೇ ಸಾವಿಗೆ ದೂಡುವುದನ್ನು ಈ ಕಥೆಯು ಅತ್ಯಂತ ದೊಡ್ಡ ಪಾಪವೆಂದು ಎಣಿಸುತ್ತದೆ. ಹಟ್ಟಿಯ ಹೊರಗೆ ನಡುಗುವ ಬಾಣಂತಿಗೆ ಆಗುತ್ತಿರುವುದು ಅದಲ್ಲದೆ ಮತ್ತೇನು? ಅವಳನ್ನು ಹೊರಗಿರಿಸುವವರು ಜುಂಜಪ್ಪನ ಮಾರ್ಗವನ್ನು ಬಿಟ್ಟು ಅವನ ಮಾವಂದಿರ ಮಾರ್ಗವನ್ನು ಹಿಡಿದಂತಾಯಿತು.

ಶಾಲೆ ಕಾಲೇಜುಗಳಲ್ಲಿ ಈ ಕಾವ್ಯವನ್ನು ಪಾಠ ಹೇಳುವ ಉಪಾಧ್ಯಾಯರು ಇದನ್ನು ಮೂಢನಂಬಿಕೆಯ ಉದಾಹರಣೆಯೆಂದು ತೋರಿಸಿ ಮುಂದೆ ಸಾಗುವುದೂ ಸಲ್ಲದು. ಹಳೆಯ ವೈದ್ಯಶಾಸ್ತ್ರವೆಂದು ಕೊಂಡಾಡುವುದೂ ಸಲ್ಲದು. ಹಟ್ಟಿಯಿಂದ ಬಂದ ಹುಡುಗನೋ ಹುಡುಗಿಯೋ ತರಗತಿಯಲ್ಲಿ ಕುಳಿತಿದ್ದರೆ ಆ ಮಗುವಿಗೆ ಎರಡು ಮಾತು ಒಟ್ಟಿಗೆ ತಿಳಿಯಬೇಕು: ಹಾವು ಕಚ್ಚಿದರೆ ಆಸ್ಪತ್ರೆಗೆ ಓಡಬೇಕು, ಒಡಲೊಳಗೆ ಹಗೆ ಹುಟ್ಟಿದರೆ ಜುಂಜಪ್ಪನ ಕಥೆಯನ್ನು ಕೇಳಬೇಕು.