ಬಯಲುಸೀಮೆಯ ಪದ, ಮಲೆನಾಡಿನ ಕಂಠ
(ಶಿವಮೊಗ್ಗ ಸುಬ್ಬಣ್ಣನವರ ಗಾಯನವನ್ನು ಕುರಿತು)

ಯಾರ ಹಾಡನ್ನು ಯಾರು ಹಾಡಬಹುದು? ಕೇಳುವುದಕ್ಕೆ ಇದು ಹುಡುಗಾಟದ ಪ್ರಶ್ನೆಯಂತಿದೆ. ಹಾಡಿಗೆ ಬೇಲಿ ಹಾಕಿದವರುಂಟೇ ಎಂದು ವಾಚಕರು ನಕ್ಕಾರು. ಆದರೆ ಹಾಕಿದವರು ಉಂಟು. 1950ರ ದಶಕದಲ್ಲಿ ಬ್ರಿಟನ್ನಿನ ತರುಣರಿಗೆ ಅಮೆರಿಕದ ಹಳ್ಳಿಗಾಡಿನ ಹಾಡುಗಳ ಹುಚ್ಚು ಹಿಡಿಯಿತು. ಗ್ಲಾಸ್ಗೋದಲ್ಲಿ ಹುಟ್ಟಿದ ಲೋನಿ ಡೊನೆಗನ್ ಎಂಬ ಗಾಯಕ ಅಮೆರಿಕದ ರೈಲುಹಾದಿಯೊಂದರ ಹಾಡನ್ನು ಗಿಟಾರು ಹಿಡಿದು, ಅಲ್ಲಿಯವರ ಉಚ್ಚಾರಣೆಯನ್ನೇ ತಂದುಕೊಂಡು ಹಾಡಿದ. 1956ರಲ್ಲಿ ಆ ಧ್ವನಿಮುದ್ರಿಕೆ ಬಹಳ ಜನಪ್ರಿಯವಾಯಿತು; ಅವನನ್ನು ಕಂಡು ಊರೂರಿನ ಹುಡುಗರು ಗಿಟಾರು ಕೊಂಡರು. ಇಂಥ ಅನುಕರಣೆಯಿಂದ ರೋಸಿಹೋದ ಯುವನ್ ಮೆಕಾಲ್ ಎಂಬ ಹಾಡುಗಾರ, ನಾಟಕಕಾರ, ಲಂಡನ್ನಿನ ತನ್ನ ಗಾಯನಸಂಘದಲ್ಲಿ ಒಂದು ಕಟ್ಟಲೆ ಮಾಡಿದ: ವೇದಿಕೆ ಏರುವವನು ತನ್ನ ನಾಡಿನ, ತನ್ನ ನುಡಿಯ ಹಾಡನ್ನೇ ಹಾಡತಕ್ಕದ್ದು.

ಈ ಕಟ್ಟಲೆ ನಮ್ಮಲ್ಲಿಯೂ ಇದ್ದಿದ್ದರೆ ಶಿವಮೊಗ್ಗ ಸುಬ್ಬಣ್ಣನವರ ಹೆಸರು ಇಂದು ನಮಗೆ ಎಷ್ಟರಮಟ್ಟಿಗೆ ನೆನಪಿರುತ್ತಿತ್ತೋ ಹೇಳಲಾಗದು. ಅವರು ಹುಟ್ಟಿದ್ದು ಮಲೆನಾಡಿನ ಒಡಲಿನಲ್ಲಿ. ಅವರಿಗೆ ರಾಷ್ಟ್ರದ ಮನ್ನಣೆ ತಂದದ್ದು ಬೆಳಗಾವಿ ಸೀಮೆಯ ಕವಿಯ ಪದ. ಜನರ ಮನಸ್ಸಿನಲ್ಲಿ ಅವರನ್ನು ನಿಲ್ಲಿಸಿದ್ದು ಶಿಶುನಾಳದ ಸಂತನ ಪದ. ಮಳೆನಾಡಿನವನೊಬ್ಬ ಕಪ್ಪುನೆಲದ ಹಾಡನ್ನು ಹಾಡಿ ಅಲ್ಲಿಯವರಿಂದಲೇ ಭೇಷ್ ಎನ್ನಿಸಿಕೊಂಡದ್ದು ಹೇಗೆ? ಸುಬ್ಬಣ್ಣನವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಹೊಗಳಿಕೆ ಬೇಕಾದಷ್ಟಿತ್ತು. ಈ ಪ್ರಶ್ನೆ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮೊದಲು ಮನುಷ್ಯನ ವಿಚಾರ. ಜಿ. ಸುಬ್ರಹ್ಮಣ್ಯ ಎಂಬುದು ಅವರ ನಿಜನಾಮ. 1938ರ ಡಿಸೆಂಬರ್ 14ರಂದು ಹೊಸನಗರ ತಾಲ್ಲೂಕಿನ ನಗರದಲ್ಲಿ ಜನನ. ಈ ನಗರ ಹೆಸರಿಗೆ ನಗರ. ನೋಡಿದರೆ ಕಾಡಿನ ನಡುವಣ ಒಂದು ಸಣ್ಣ ಊರು. ಆದರೆ ಒಂದು ಕಾಲಕ್ಕೆ ಇದೇ ಬಿದನೂರು; ಸಾಗರದ ಬಳಿಯ ಕೆಳದಿ, ಇಕ್ಕೇರಿಗಳಲ್ಲಿ ಬೆಳೆದ ನಾಯಕರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿಯ ಕೈಸೇರಿ ಹೈದರನಗರವಾಯಿತು. ಮುಂದೆ ಬರಿಯ ನಗರವಾಗಿ ಉಳಿಯಿತು. ಇಂಥ ಊರಿನ ಹುಡುಗ ಕಾನೂನು ಓದಿ ವಕೀಲನಾದ, ಆಕಾಶವಾಣಿಯಲ್ಲಿ ಹಾಡಿದ, ಬೆಂಗಳೂರು ಸೇರಿದ. ಊರಿನ ಹೆಸರು ಬಿಟ್ಟು ಜಿಲ್ಲೆಯ ಹೆಸರು ಬೆನ್ನಿಗೆ ಅಂಟಿತು. ಕೊನೆಯವರೆಗೂ ವಕೀಲಿ ಒಂದು ಕೈಯಲ್ಲಿ, ಹಾಡು ಇನ್ನೊಂದು ಕೈಯಲ್ಲಿ. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 83 ವರ್ಷ.

ವಕೀಲಿಯ ಮಾತನ್ನು ಎತ್ತಿದ್ದು ಸುಮ್ಮನೆ ಅಲ್ಲ. ನಮ್ಮ ಸುಗಮ ಸಂಗೀತವನ್ನು ಕಟ್ಟಿದವರಲ್ಲಿ ಅನೇಕರಿಗೆ ಹಾಡು ಅನ್ನದ ದಾರಿಯಾಗಿರಲಿಲ್ಲ. ಸಿ. ಅಶ್ವತ್ಥ್ ಅವರು ದೂರವಾಣಿ ಕಾರ್ಖಾನೆಯ ನೌಕರಿಯಲ್ಲಿದ್ದವರು. ಶಾಸ್ತ್ರೀಯ ಸಂಗೀತಕ್ಕೆ ಗುರುಮನೆ ಇದೆ, ರಾಜಾಶ್ರಯ ಇತ್ತು. ಸಿನಿಮಾ ಹಾಡಿಗೆ ಪೇಟೆ ಇದೆ. ಕವಿತೆಯನ್ನು ಹಾಡುವವನಿಗೆ ಇದ್ದದ್ದು ರೇಡಿಯೋ, ಗಣಪತಿಯ ಪೆಂಡಾಲು, ರಾಜ್ಯೋತ್ಸವದ ವೇದಿಕೆ; 1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಹೊರಬಂದ ಮೇಲೆ ಕ್ಯಾಸೆಟ್ಟು. ಅಲ್ಲದೆ ನಮ್ಮಲ್ಲಿ ಹಾಡು ಮೂವರ ಪಾಲಿನ ಆಸ್ತಿ. ಬರೆಯುವವನು ಒಬ್ಬ, ಧಾಟಿ ಹಾಕುವವನು ಇನ್ನೊಬ್ಬ, ಹಾಡುವವನು ಮತ್ತೊಬ್ಬ. ಪಶ್ಚಿಮದಲ್ಲಿ ಈ ಮೂರನ್ನೂ ಒಬ್ಬನೇ ಮಾಡುವ ಸಂಪ್ರದಾಯ ಬೆಳೆಯಿತು. ಅಂಥವರಲ್ಲಿ ಒಬ್ಬನಾದ ಬಾಬ್ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಕೂಡ ಬಂತು. ನಮ್ಮ ಶರೀಫರು, ನಮ್ಮ ದಾಸರು ಇದನ್ನೇ ಮಾಡಿದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೆ ಸುಬ್ಬಣ್ಣನವರು ಮೂರನೆಯ ಪಾಲಿನವರು. ಅವರನ್ನು ಅಳೆಯಬೇಕಾದದ್ದು ಹಾಡಿಕೆಯಿಂದಲೇ.

ಇನ್ನು 'ಕಾಡು ಕುದುರೆ'. ಚಂದ್ರಶೇಖರ ಕಂಬಾರರು ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ಸಂಗೀತ ಕೊಟ್ಟ ಚಿತ್ರ. ಅದರ ಶೀರ್ಷಿಕೆ ಗೀತೆಗಾಗಿ ಸುಬ್ಬಣ್ಣನವರಿಗೆ 1978ನೆಯ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಹಾಡೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಅದು ಮಹಮ್ಮದ್ ರಫಿಯವರಿಗೆ, ಮುಂದಿನ ಸಾಲಿನಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಸಂದಿತ್ತು ಎಂದರೆ ಓದುಗರಿಗೆ ಅದರ ತೂಕ ತಿಳಿದೀತು. ಸಾವಿರಾರು ಹಾಡಿನ ಆ ಇಬ್ಬರ ನಡುವೆ, ಸಿನಿಮಾಕ್ಕೆ ಬೆರಳೆಣಿಕೆಯಷ್ಟು ಹಾಡಿದ ಒಬ್ಬ ವಕೀಲರು!

ಈ ಹಾಡನ್ನು ಇನ್ನೊಮ್ಮೆ ಗಮನವಿಟ್ಟು ಕೇಳಬೇಕು. ಕಂಬಾರರು ಘೋಡಗೇರಿಯವರು, ಅವರ ಪದಗಳಲ್ಲಿ ಲಾವಣಿಯ ಓಟವಿದೆ, ಬಯಲಾಟದ ಏರುದನಿಯಿದೆ. ಉಪಮೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಕುದುರೆಯನ್ನು ನಿಲ್ಲಿಸಿ ತೋರಿಸುವುದಿಲ್ಲ, ಓಡುತ್ತಿದ್ದಂತೆಯೇ ತೋರಿಸುತ್ತವೆ. ಇಂಥದನ್ನು ಹಾಡುವಾಗ ಹೊರಗಿನವನಿಗೆ ಒಂದು ಆಮಿಷ ಕಾದಿರುತ್ತದೆ. ಆ ಕಡೆಯ 'ಹಾಂಗ', 'ಹೀಂಗ'ಗಳನ್ನು ಎಳೆದು ಹಿಗ್ಗಿಸಿ, ಉತ್ತರ ಕರ್ನಾಟಕದವರ ಮಾತಿನ ವೇಷ ಹಾಕಿ, ಶ್ರೋತೃಗಳಿಂದ ಚಪ್ಪಾಳೆ ಗಿಟ್ಟಿಸುವ ಆಮಿಷ. ನಮ್ಮ ಹಾಸ್ಯನಾಟಕಗಳಲ್ಲಿ ಇದನ್ನು ನೋಡಿ ನೋಡಿ ಬೇಸತ್ತಿದ್ದೇವೆ. ಸುಬ್ಬಣ್ಣನವರು ಹಾಗೆ ಮಾಡಲಿಲ್ಲ. ಕವಿ ಬರೆದ ರೂಪವನ್ನು ಹಾಗೆಯೇ ಉಚ್ಚರಿಸಿದರು. ಅದರ ಮೇಲೆ ತಮ್ಮದೊಂದು ಒಗ್ಗರಣೆ ಹಾಕಲಿಲ್ಲ. ಸಾಲಿನ ತುದಿಯ ದೀರ್ಘಸ್ವರವನ್ನು ಬಾಯ್ತುಂಬ ತೆರೆದು ಬಿಟ್ಟರು, ಅಷ್ಟೆ. ಅಚ್ಚಿನಲ್ಲಿ ಆ ದೀರ್ಘ ಒಂದು ಸಣ್ಣ ಗುರುತು. ಅವರ ಕಂಠದಲ್ಲಿ ಕುದುರೆ ಓಡುವುದಕ್ಕೆ ಬೇಕಾದ ಬಯಲೇ ಅದು.

ಡೊನೆಗನ್ನನಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಪರಸೀಮೆಯ ಪದವನ್ನು ಹಾಡುವವನು ಆ ಸೀಮೆಯವನಂತೆ ನಟಿಸಬೇಕಾಗಿಲ್ಲ. ಪದಕ್ಕೆ ಮೋಸ ಮಾಡದಿದ್ದರೆ ಸಾಕು. ಕೋರ್ಟಿನಲ್ಲಿ ವಕೀಲನು ಕಕ್ಷಿಗಾರನ ಅಹವಾಲನ್ನು ಹೇಳುವಾಗ ಅವನ ವೇಷ ಹಾಕುವುದಿಲ್ಲ. ಅವನ ಮಾತಿಗೆ ತನ್ನ ಗಂಟಲನ್ನು ಕೊಡುತ್ತಾನೆ. ಸುಬ್ಬಣ್ಣನವರ ಹಾಡಿಕೆಗೂ ಅವರ ವೃತ್ತಿಗೂ ಸಂಬಂಧ ಕಲ್ಪಿಸುವುದು ಸ್ವಲ್ಪ ಅತಿಯಾದೀತು. ಆದರೂ ಈ ಹೋಲಿಕೆ ನಮಗೆ ಬಹಳ ದಿನಗಳಿಂದ ಹೊಳೆಯುತ್ತಲೇ ಇದೆ.

ಶರೀಫರ ಪದಗಳಲ್ಲಿ ಇದೇ ಗುಣ ಬೇರೊಂದು ಬಗೆಯಲ್ಲಿ ಕಾಣಿಸುತ್ತದೆ. 1819ರಿಂದ 1889ರವರೆಗೆ ಬಾಳಿದ ಈ ಸಂತನನ್ನು ಪಟ್ಟಣದವರ ಮನೆಯೊಳಕ್ಕೆ ಕರೆತಂದ ಕೀರ್ತಿ ಬಹುಮಟ್ಟಿಗೆ ಅಶ್ವತ್ಥರದು. ಅಶ್ವತ್ಥರು ಶರೀಫರನ್ನು ಹಾಡುವಾಗ ಶರೀಫರೇ ಆಗಿಬಿಡುತ್ತಾರೆ. ಕೂಗುತ್ತಾರೆ, ಗದರುತ್ತಾರೆ, ನಗುತ್ತಾರೆ. ಸುಬ್ಬಣ್ಣನವರದು ಆ ದಾರಿಯಲ್ಲ. ಅಶ್ವತ್ಥರದೇ ಸಂಗೀತದಲ್ಲಿ ಇವರು ಹಾಡಿದ, ಅಳುವ ತಂಗಿಯನ್ನು ಸಂತೈಸುವ ಪದವನ್ನು ನೆನೆದುಕೊಳ್ಳಿ. ಗಂಡನ ಮನೆಗೆ ಹೊರಟ ಹುಡುಗಿಗೆ ಹೇಳುವ ಸಮಾಧಾನವೇ ಲೋಕ ಬಿಟ್ಟು ಹೊರಟ ಜೀವಕ್ಕೂ ಹೇಳುವ ಸಮಾಧಾನ. ಒಂದೇ ಪದಕ್ಕೆ ಎರಡು ಮನೆ. ಗಾಯಕ ಇಲ್ಲಿ ತಾನೇ ಬಿಕ್ಕತೊಡಗಿದರೆ ಪದ ಮದುವೆಮನೆಯಲ್ಲಿಯೇ ನಿಂತುಬಿಡುತ್ತದೆ. ತತ್ತ್ವದ ಕಡೆಗೆ ವಾಲಿ ಗಂಭೀರನಾದರೆ ಹುಡುಗಿ ಮಾಯವಾಗುತ್ತಾಳೆ. ಸುಬ್ಬಣ್ಣನವರು ಅಣ್ಣನೊಬ್ಬ ಜಗಲಿಯ ಮೇಲೆ ನಿಂತು ಹೇಳುವ ದನಿಯಲ್ಲಿ ಹಾಡುತ್ತಾರೆ. ದುಃಖವಿದೆ, ಅದರ ಪ್ರದರ್ಶನವಿಲ್ಲ. ನಮ್ಮ ಮಟ್ಟಿಗೆ ಅವರ ಅತ್ಯುತ್ತಮ ಹಾಡಿಕೆ ಇದು. ಪ್ರಶಸ್ತಿ ಪಡೆದದ್ದಕ್ಕಿಂತಲೂ ಒಂದು ಕೈ ಮೇಲು.

ಇಷ್ಟು ಹೇಳಿದ ಮೇಲೆ ಅವರ ಮಿತಿಯನ್ನೂ ಹೇಳಬೇಕಾದದ್ದು ವಿಮರ್ಶೆಯ ಧರ್ಮ. ತೀರ್ಥಹಳ್ಳಿಯ ಕುಪ್ಪಳಿಯ ಕವಿ ಕುವೆಂಪು, ನಾಡಿನ ಲೆಕ್ಕದಲ್ಲಿ ಸುಬ್ಬಣ್ಣನವರ ನೆರೆಮನೆಯವರು. ಕುವೆಂಪು ಅವರ ಡಿಂಡಿಮ ಗೀತೆಯನ್ನು ಇವರಂತೆ ಹಾಡಿದವರು ಇನ್ನೊಬ್ಬರಿಲ್ಲ. ನವೆಂಬರ್ ಒಂದರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಧ್ವನಿವರ್ಧಕದಿಂದ ಆ ಕಂಠ ಹೊರಟರೆ ಚಹಾ ಕುಡಿಯುತ್ತಿದ್ದವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆದರೆ ಕುವೆಂಪು ಎಂದರೆ ಡಿಂಡಿಮ ಮಾತ್ರವಲ್ಲ. ಕಾಡಿನ ಮೌನವನ್ನು, ಒಂದು ಹಕ್ಕಿಯ ಕೂಗನ್ನು, ಕವಿಶೈಲದ ಒಂದು ಸಂಜೆಯನ್ನು ಬರೆದ ಕುವೆಂಪು ಇನ್ನೊಬ್ಬರಿದ್ದಾರೆ. ಆ ಕುವೆಂಪುವಿನ ಬಳಿ ಈ ತೆರೆದ ಕಂಠಕ್ಕೆ ತುಸು ಇಕ್ಕಟ್ಟು. ಪಿಸುಮಾತಿಗೆ ಅದು ಒಗ್ಗದು. ಮಾತನ್ನು ನೆಟ್ಟಗೆ, ನಿಚ್ಚಳವಾಗಿ ಮುಟ್ಟಿಸುವುದೇ ಯಾವ ಗಾಯಕನ ಬಲವೋ, ಅರ್ಧ ಹೇಳಿ ಅರ್ಧ ಬಿಡುವ ಕವಿತೆಯಲ್ಲಿ ಅದೇ ಅವನಿಗೆ ತೊಡಕು.

ಇದು ಸುಬ್ಬಣ್ಣನವರೊಬ್ಬರ ತೊಡಕೂ ಅಲ್ಲ. 1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. ಹಾಡಿನ ಇಂಪು ಕವಿತೆಯ ಯೋಚನೆಗೆ ಜೋಗುಳವಾಗುತ್ತದೆಂದು ನಂಬಿ, ನವ್ಯರು ಕವಿತೆಯನ್ನು ಹಾಡಿನ ಹಂಗಿನಿಂದ ಬಿಡಿಸುತ್ತಿದ್ದ ಕಾಲ ಅದು. ಅದೇ ಕಾಲಕ್ಕೆ, ಅದೇ ಜಿಲ್ಲೆಯ ತರುಣನೊಬ್ಬ ಕವಿತೆಯನ್ನು ಹಾಡಲು ಕಲಿಯುತ್ತಿದ್ದ. ಒಬ್ಬರು ಕಟ್ಟು ಬಿಚ್ಚುತ್ತಿದ್ದರು, ಇನ್ನೊಬ್ಬರು ಕಟ್ಟು ಬಿಗಿಯುತ್ತಿದ್ದರು. ಯಾರು ಗೆದ್ದರು ಎಂಬ ಪ್ರಶ್ನೆ ವ್ಯರ್ಥ. ಆದರೆ ಒಂದು ಮಾತು ನಿಜ: ಕವನಸಂಕಲನವನ್ನು ಕೈಯಲ್ಲಿ ಹಿಡಿಯದ ಮನೆಗಳಿಗೂ ಕನ್ನಡ ಕವಿತೆ ಹೋಗಿ ಮುಟ್ಟಿದ್ದು ಈ ಗಾಯಕರ ಮೂಲಕ. ಕಾಳಿಂಗರಾಯರಿಂದ ಮೊದಲಾದ ಆ ಸಾಲಿನಲ್ಲಿ ಸುಬ್ಬಣ್ಣನವರ ಸ್ಥಾನ ಭದ್ರವಾಗಿದೆ.

ನಮ್ಮ ಕೊನೆಯ ಮಾತು ಸ್ವಲ್ಪ ಕಹಿಯಾದದ್ದು. ಮೆಕಾಲನ ಕಟ್ಟಲೆಯನ್ನು ಸುಬ್ಬಣ್ಣನವರ ಹಾಡು ಸುಳ್ಳುಮಾಡಿತು, ನಿಜ. ಆದರೆ ಆ ಕಟ್ಟಲೆಯ ಒಳಗೊಂದು ಸತ್ಯವಿತ್ತು. ತನ್ನ ಮನೆಯ ಹಾಡನ್ನು ಹಾಡುವವರು ಯಾರು?

ದೀಪಾವಳಿಯ ರಾತ್ರಿಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಿಗೆ ಹೋದವರಿಗೆ ಅಂಟಿಗೆ-ಪಂಟಿಗೆಯ ಪರಿಚಯವಿದ್ದೀತು. ಹೊತ್ತಿಸಿದ ದೀಪವನ್ನು ಆರಗೊಡದೆ ಹಿಡಿದುಕೊಂಡು ಗಂಡಸರ ಗುಂಪೊಂದು ಮನೆಯಿಂದ ಮನೆಗೆ, ಗದ್ದೆಯ ಅಂಚಿನ ಮೇಲೆ, ತೋಟದ ದಾರಿಯಲ್ಲಿ ಕತ್ತಲನ್ನು ಸೀಳಿಕೊಂಡು ಬರುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆರೆಸುವ ಪದ ಹೇಳುತ್ತದೆ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ, ವಾದ್ಯವಿಲ್ಲ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಆ ಜ್ಯೋತಿಯಿಂದ ತಮ್ಮ ದೀಪ ಹೊತ್ತಿಸಿಕೊಳ್ಳುತ್ತಾರೆ. ಒಂದೊಂದು ರಾತ್ರಿಗೆ ಎಷ್ಟು ಪದ! ಈ ಧಾಟಿಗಳಲ್ಲಿ ಒಂದಾದರೂ ನಮ್ಮ ಸುಗಮ ಸಂಗೀತದಲ್ಲಿ ನೆಲೆಯೂರಿ ನಾಡಿನ ಉಳಿದ ಭಾಗದ ಕಿವಿಗೆ ಪರಿಚಿತವಾಗಿದೆಯೇ? ಘೋಡಗೇರಿಗೆ ಕಂಬಾರರು ದೊರೆತರು, ಶಿಶುನಾಳಕ್ಕೆ ಅಶ್ವತ್ಥರು ದೊರೆತರು. ಬಿದನೂರಿನ ಸುತ್ತಣ ಈ ಪದಗಳಿಗೆ, ಬಿದನೂರಿನಲ್ಲಿಯೇ ಹುಟ್ಟಿದ ಇಷ್ಟು ದೊಡ್ಡ ಕಂಠವಿದ್ದೂ, ಅಂಥ ಭಾಗ್ಯ ಬರಲಿಲ್ಲ.

ಇದನ್ನು ಸುಬ್ಬಣ್ಣನವರ ತಪ್ಪೆಂದು ಹೇಳುವುದು ಅನ್ಯಾಯ. ಮೂರನೆಯ ಪಾಲಿನವನು ತನಗೆ ಕೊಟ್ಟದ್ದನ್ನು ಹಾಡುತ್ತಾನೆ. ಮಲೆನಾಡಿನ ಧಾಟಿಯನ್ನು ಹೊಸ ಪದಕ್ಕೆ ಕಟ್ಟಿ ಅವರ ಕೈಗೆ ಕೊಡುವ ಕವಿಯಾಗಲಿ, ಸಂಗೀತಗಾರನಾಗಲಿ ಅವರಿಗೆ ದೊರೆಯಲಿಲ್ಲ. ಮಲೆನಾಡು ತನ್ನ ಬಗ್ಗೆ ಕಾದಂಬರಿ ಬರೆದುಕೊಂಡಿತು, ಕವಿತೆ ಬರೆದುಕೊಂಡಿತು, ನಾಟಕ ಆಡಿತು. ತನ್ನ ಧಾಟಿಯನ್ನು ಮಾತ್ರ ಹಬ್ಬದ ಮೂರು ರಾತ್ರಿಗೆ ಬಿಟ್ಟುಬಿಟ್ಟಿತು.

ಸುಬ್ಬಣ್ಣನವರು ತೀರಿಕೊಂಡ ಮರುತಿಂಗಳೇ, 2022ರ ಸೆಪ್ಟೆಂಬರಿನಲ್ಲಿ, ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಎರಡೂವರೆ ನಿಮಿಷದ ಗಡುವನ್ನೂ ವಿಧಿಸಿತು. ಧಾಟಿಯ ವಿಚಾರದಲ್ಲಿ ಹೀಗೆ ಆದೇಶ ಹೊರಟೀತು. ಕಂಠದ ವಿಚಾರದಲ್ಲಿ ಯಾವ ಆದೇಶವೂ ನಡೆಯದು. ಅದು ಹುಟ್ಟಿದಾಗ ಅದರ ಕೈಗೆ ಕೊಡುವುದಕ್ಕೆ ನಮ್ಮಲ್ಲಿ ಹಾಡು ಸಿದ್ಧವಿರಬೇಕು, ಅಷ್ಟೆ. ನಗರದಂಥ ಊರಿನಲ್ಲಿ ಇನ್ನೊಂದು ಅಂಥ ಕಂಠ ಈಗಾಗಲೇ ದೀಪದ ಗುಂಪಿನ ಹಿಂದೆ ನಡೆಯುತ್ತ, ಮುಂದಿನವರ ಪದವನ್ನು ಎತ್ತಿಕೊಳ್ಳುತ್ತಿರಬಹುದು.