ಮ್ಯೂಯಾನಿನ ಆಯುಷ್ಯ ಮತ್ತು ಮುಳ್ಳಯ್ಯನಗಿರಿ: ಪದವಿಯ ಆಧುನಿಕ ಭೌತಶಾಸ್ತ್ರ ಪಾಠದ ಒಂದು ವಿಮರ್ಶೆ

ಬಿ.ಎಸ್ಸಿ. ಪದವಿಯಲ್ಲಿ ‘ಆಧುನಿಕ ಭೌತಶಾಸ್ತ್ರ’ವೆಂದು ಕಲಿಸುವ ಪ್ರವೇಶ ಪಾಠದ ಬಹುಪಾಲು ಸುಮಾರು ನೂರು ವರ್ಷ ಹಳೆಯದು. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಮುಂದಿಟ್ಟ ಕ್ವಾಂಟಮ್, ಅಂದರೆ ಬಿಡಿಬಿಡಿ ಪ್ರಮಾಣದಲ್ಲಷ್ಟೇ ಕೊಟ್ಟು ಕೊಳ್ಳಬಹುದಾದ ಶಕ್ತಿಯ ಕಲ್ಪನೆಯಿಂದ ಹೊರಟು, 1905ರ ಐನ್‌ಸ್ಟೈನ್ ಪ್ರಬಂಧಗಳು, 1913ರ ಬೋರ್ ಪರಮಾಣು, 1924ರ ಡಿ ಬ್ರಾಯ್ ಅಲೆಗಳನ್ನು ದಾಟಿ 1927ರ ಹೈಸನ್‌ಬರ್ಗ್ ಅನಿಶ್ಚಿತತೆಯ ತತ್ತ್ವಕ್ಕೆ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಇಸವಿಗಳ ಈ ಸಾಲಿನಲ್ಲಿ ತಪ್ಪೇನಿಲ್ಲ. ಆದರೆ ಪ್ರತಿಯೊಂದು ಮೆಟ್ಟಿಲನ್ನೂ ಅಂದಿನ ವಿಜ್ಞಾನಿಗಳು ಯಾವ ಸಾಕ್ಷ್ಯಕ್ಕೆ ಮಣಿದು ಏರಿದರೆಂಬುದನ್ನು ಬಿಟ್ಟು, ಸೂತ್ರದ ವ್ಯುತ್ಪತ್ತಿಯನ್ನು ಮಾತ್ರ ಪರೀಕ್ಷೆಯಲ್ಲಿ ಕೇಳುವುದರಿಂದ, ವಿಜ್ಞಾನದ ಅತ್ಯಂತ ದೊಡ್ಡ ಜಗಳವೊಂದು ತೀರ್ಪಿನ ಪ್ರತಿಯಾಗಿ ಮಾತ್ರ ವಿದ್ಯಾರ್ಥಿಯ ಕೈ ಸೇರುತ್ತದೆ.

ಕಳಸದ ಕಡೆಯಿಂದ ಪಿಯುಸಿ ಮುಗಿಸಿ, ವಿಜ್ಞಾನ ಪದವಿಗಾಗಿ ಚಿಕ್ಕಮಗಳೂರಿಗೋ ಘಟ್ಟ ಇಳಿದು ಉಜಿರೆ, ಮಂಗಳೂರುಗಳಿಗೋ ಹೋಗುವ ವಿದ್ಯಾರ್ಥಿಗೆ ಇದರ ಜೊತೆಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಜಿ.ಟಿ. ನಾರಾಯಣರಾವ್ ಅವರಂಥವರು ಐನ್‌ಸ್ಟೈನರ ವಿಚಾರಗಳನ್ನು ಕನ್ನಡದಲ್ಲಿ ಬಿಡಿಸಿಟ್ಟು ದಶಕಗಳೇ ಕಳೆದಿದ್ದರೂ, ಆ ಬರಹಗಳು ‘ಹೆಚ್ಚಿನ ಓದಿಗೆ’ ಎಂಬ ಪಟ್ಟಿಯಲ್ಲೂ ಸಿಗುವುದು ಅಪರೂಪ.

ಪಾಠದ ಕೊರತೆ ಎದ್ದು ಕಾಣುವುದು ಪ್ರಯೋಗಾಲಯದಲ್ಲಿ. ಪ್ಲಾಂಕ್ ಸ್ಥಿರಾಂಕವನ್ನು, ಅಂದರೆ ಬೆಳಕಿನ ಆವೃತ್ತಿಯನ್ನು ಅದರ ಒಂದೊಂದು ಕಣದ ಶಕ್ತಿಗೆ ಜೋಡಿಸುವ ಸಂಖ್ಯೆಯನ್ನು, ಅಳೆಯಲು ಹಲವು ಪದವಿ ಕಾಲೇಜುಗಳು ಎಲ್‌ಇಡಿ ದೀಪಗಳನ್ನು ಬಳಸುತ್ತವೆ. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋದರೆ ಕೆಂಪು ದೀಪ ಸುಮಾರು 1.8 ವೋಲ್ಟಿನ ಆಸುಪಾಸಿನಲ್ಲಿ ಕಣ್ಣು ಬಿಡುತ್ತದೆ, ನೀಲಿ ದೀಪಕ್ಕೆ ಎರಡೂವರೆ ವೋಲ್ಟಿಗೂ ಹೆಚ್ಚು ಬೇಕು. ಕೆಂಪಿಗಿಂತ ನೀಲಿ ಬೆಳಕಿನ ಕಣ ಹೆಚ್ಚು ಶಕ್ತಿಯದು ಎಂಬ ಮಾತು ಇಲ್ಲಿ ಕಣ್ಣಿಗೆ ಕಾಣುವಂತಾಗುತ್ತದೆ. ಅಗ್ಗದ, ಸೊಗಸಾದ ಪ್ರಯೋಗವಿದು. ಆದರೆ ದೀಪ ‘ಹೊತ್ತಿಕೊಂಡ’ ಕ್ಷಣ ಯಾವುದೆಂಬುದು ಕೋಣೆಯ ಕತ್ತಲೆಗೂ ನೋಡುವವರ ಕಣ್ಣಿಗೂ ತಕ್ಕಂತೆ ಬದಲಾಗುವುದರಿಂದ ಬರುವ ಉತ್ತರ ಆಚೀಚೆ ಆಗಲೇಬೇಕು. ಆದರೂ ರೆಕಾರ್ಡ್ ಪುಸ್ತಕಗಳಲ್ಲಿ ಅದು ಹೇಗೋ ಪಠ್ಯದಲ್ಲಿರುವ 6.6ರ ಹತ್ತಿರವೇ ಬಂದು ನಿಲ್ಲುತ್ತದೆ, ಏಕೆಂದರೆ ಅಂಕ ಸಿಗುವುದು ಉತ್ತರಕ್ಕೆ, ವ್ಯತ್ಯಾಸದ ಕಾರಣ ಹುಡುಕಿದ್ದಕ್ಕಲ್ಲ. 2019ರ ಮೇ 20ರಿಂದ ಈ ಸ್ಥಿರಾಂಕದ ಬೆಲೆಯನ್ನು ಅಂತರರಾಷ್ಟ್ರೀಯವಾಗಿ ನಿಗದಿಪಡಿಸಿ ಕಿಲೋಗ್ರಾಮನ್ನೇ ಅದರ ಮೇಲೆ ನಿಲ್ಲಿಸಲಾಗಿದೆ. ಐವತ್ತು ಕೆಜಿ ಮೂಟೆಯ ಲೆಕ್ಕದಲ್ಲಿ ಕಾಫಿಯ ದರ ಕೇಳುವ ಮಲೆನಾಡಿನ ಮನೆಗಳ ಮಕ್ಕಳಿಗೆ, ಆ ತೂಕದ ಮೂಲದಲ್ಲಿ ಪ್ಲಾಂಕ್ ಕೂತಿದ್ದಾನೆಂದು ಹೇಳುವುದಕ್ಕೆ ತರಗತಿಯಲ್ಲಿ ಎರಡು ನಿಮಿಷವೂ ಬೇಡ.

ಸಾಪೇಕ್ಷತೆಯ ಅಧ್ಯಾಯದಲ್ಲಿ ಕಳೆದುಕೊಳ್ಳುತ್ತಿರುವುದು ಇನ್ನೂ ದೊಡ್ಡದು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗಿ ನಡೆಯುತ್ತದೆಂಬ ಕಾಲ ಹಿಗ್ಗುವಿಕೆಯ ವಿಚಾರಕ್ಕೆ ಪಠ್ಯಗಳು ಮ್ಯೂಯಾನಿನ ಉದಾಹರಣೆ ಕೊಡುತ್ತವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಹುಟ್ಟುವ ಈ ಕಣದ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡು ಮಾತ್ರ. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಅದು ಸಾಗುವ ದೂರ 660 ಮೀಟರು. 1963ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡೇವಿಡ್ ಫ್ರಿಶ್ ಮತ್ತು ಜೇಮ್ಸ್ ಸ್ಮಿತ್ ಅಮೆರಿಕದ ಮೌಂಟ್ ವಾಷಿಂಗ್‌ಟನ್ ಶಿಖರದ ಮೇಲೆ, ಕಬ್ಬಿಣದ ತಡೆಯ ನೆರವಿನಿಂದ ಒಂದು ನಿರ್ದಿಷ್ಟ ವೇಗದ ಮ್ಯೂಯಾನ್‌ಗಳನ್ನಷ್ಟೇ ಆರಿಸಿ ಎಣಿಸಿದಾಗ ಗಂಟೆಗೆ ಸುಮಾರು 560 ಸಿಕ್ಕವು. ಕಾಲ ಹಿಗ್ಗದೆಂಬ ಹಳೆಯ ಲೆಕ್ಕದ ಪ್ರಕಾರ ಸಮುದ್ರಮಟ್ಟದಲ್ಲಿ ಇವುಗಳಲ್ಲಿ ಮೂವತ್ತರಷ್ಟು ಉಳಿಯಬೇಕಿತ್ತು. ಕೆಳಗೆ ಎಣಿಸಿದರೆ 400ಕ್ಕೂ ಹೆಚ್ಚಿದ್ದವು. ಓಡುವ ಕಣದ ಗಡಿಯಾರ ನಿಜಕ್ಕೂ ನಿಧಾನಿಸಿತ್ತು.

ಆ ಶಿಖರದ ಎತ್ತರ ಸುಮಾರು 1,917 ಮೀಟರು. ಕಳಸಕ್ಕೆ ಹತ್ತಿರದ ಕುದುರೆಮುಖ ಶಿಖರ ಸುಮಾರು 1,890 ಮೀಟರು, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಕಡಲು ಘಟ್ಟದ ಕೆಳಗೇ ಇದೆ. ಇಷ್ಟು ಸೊಗಸಾದ ಪ್ರಯೋಗಕ್ಷೇತ್ರವನ್ನು ಬೆನ್ನಿಗಿಟ್ಟುಕೊಂಡು, ಅಮೆರಿಕದ ಬೆಟ್ಟದ ಅಂಕಿಗಳನ್ನು ಕರಿಹಲಗೆಯಿಂದ ನಕಲು ಮಾಡುವುದು ಪಾಠದ ಬಡತನವೇ ಹೊರತು ನಾಡಿನದಲ್ಲ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ದಾಖಲಾಯಿತೆಂಬ, ಜಗತ್ತಿನ ಮಟ್ಟದ ಸಂಗತಿಗೂ ಈ ಪಾಠಗಳಲ್ಲಿ ಜಾಗ ಸಿಗುವುದು ಕಡಿಮೆ.

ಇಲ್ಲೊಂದು ಎಚ್ಚರಿಕೆ ಬೇಕು. ಬೆಟ್ಟದ ಮೇಲೆ ಹೆಚ್ಚು, ಕೆಳಗೆ ಕಡಿಮೆ ಎಂದು ಎಣಿಸಿದ ಮಾತ್ರಕ್ಕೆ ಕಾಲ ಹಿಗ್ಗಿತೆಂದು ಸಾಧಿಸಿದಂತಾಗದು. ಕಣಗಳ ವೇಗವನ್ನು ಬೇರ್ಪಡಿಸದೆ ಆ ತೀರ್ಮಾನಕ್ಕೆ ಬರಲಾಗದು. ಆದರೆ ‘ಈ ಎಣಿಕೆ ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ’ ಎಂದು ವಾದಿಸುವುದನ್ನು ಕಲಿತ ವಿದ್ಯಾರ್ಥಿ, ಸಾಪೇಕ್ಷತೆಯ ಲೊರೆಂಟ್ಸ್ ಸಮೀಕರಣಗಳನ್ನು ತಪ್ಪಿಲ್ಲದೆ ಬರೆಯುವವನಿಗಿಂತ ಮುಂದಿರುತ್ತಾನೆ. ಬೇಕಾಗುವ ಸಲಕರಣೆಯೂ ದೊಡ್ಡದಲ್ಲ: ವಿಕಿರಣದ ಪಾಠಕ್ಕೆಂದು ಬಳಸುವ ಗೈಗರ್ ಕೊಳವೆಗಳನ್ನೇ ಎರಡು ತಂದು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವ ಸರಳ ಮಂಡಲವೊಂದನ್ನು ಜೋಡಿಸಿದರೆ ಆರಂಭಕ್ಕೆ ಸಾಕು. ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ನಡೆದೇ ಹೋಗಬೇಕು. ಮುಳ್ಳಯ್ಯನಗಿರಿಯಲ್ಲಾದರೆ ನೆತ್ತಿಯ ಮೆಟ್ಟಿಲುಗಳ ಬುಡದವರೆಗೂ ಜೀಪು ಹೋಗುತ್ತದೆ.