ಲೆಗ್ ಸ್ಪಿನ್ನರ್‌ಗೆ ಎರಡೇ ಓವರು

ಬೆಂಗಳೂರಿನ ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆ ಕಡೆ ಭಾನುವಾರ ಬೆಳಿಗ್ಗೆ ಹೋದರೆ ಎಲ್ಲೆಲ್ಲೂ ಕಿಟ್ ಬ್ಯಾಗ್ ಹೊತ್ತ ಮಕ್ಕಳು. ಅಕಾಡೆಮಿ ಫೀಸು ಬರೀ ಶುರು. ಹುಡುಗ ಬೆಳೆದ ಹಾಗೆ ಬ್ಯಾಟು ಐದನೇ ಸೈಜಿನಿಂದ ಆರಕ್ಕೆ, ಆರರಿಂದ ಹ್ಯಾರೋಗೆ ಬದಲಾಗಬೇಕು. ಇಂಗ್ಲಿಷ್ ವಿಲ್ಲೋ ಬೇಕೆಂದರೆ ಒಂದು ತಿಂಗಳ ಮನೆ ಬಾಡಿಗೆ ಅದಕ್ಕೇ ಹೋಯಿತು. ಥ್ರೋಡೌನ್‌ಗೆ ಬೇರೆ ದುಡ್ಡು. ಆಮೇಲೆ ಟೂರು: ಗೋವಾ, ಪುಣೆ, ಕೈ ನಡೆಯುವವರಿಗೆ ದುಬೈ. ‘ಎಕ್ಸ್‌ಪೋಷರ್ ಸಿಗುತ್ತೆ ಸರ್’ ಅಂದರೆ ಸಾಲ ಮಾಡಿಯಾದರೂ ಕಳಿಸುತ್ತಾರೆ.

ರಾಜ್ಯ ತಂಡದ ಆಯ್ಕೆಗಾರರ ಕಣ್ಣಿರುವುದು ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ನಡೆಸುವ ಪಂದ್ಯಗಳ ಮೇಲೆ. ಶಾಲೆಗಳಿಗೆ ಬಿ.ಟಿ. ರಾಮಯ್ಯ ಹೆಸರಿನ ಟೂರ್ನಿ, ಕ್ಲಬ್‌ಗಳಿಗೆ ವಯೋಮಿತಿ ಲೀಗ್. ಸಂಸ್ಥೆಯ ಆಲೂರು ಮೈದಾನಗಳು ಇಲ್ಲಿಂದ ದೂರವೇನಲ್ಲ. ದುಬೈನಲ್ಲಿ ಹೊಡೆದ ಅರ್ಧಶತಕ ಆಯ್ಕೆಗಾರರ ಲೆಕ್ಕಕ್ಕೆ ಜಮಾ ಆಗುವುದಿಲ್ಲ. ನೆಂಟರ ವಾಟ್ಸಾಪಿಗೆ ವಿಡಿಯೊ ಮಾತ್ರ ತಪ್ಪದೆ ಬರುತ್ತದೆ.

ಹಾಗಂತ ಅಪ್ಪ ಅಮ್ಮಂದಿರನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. 2024ರ ನವೆಂಬರ್ ಐಪಿಎಲ್ ಹರಾಜಿನಲ್ಲಿ 13ರ ವೈಭವ್ ಸೂರ್ಯವಂಶಿಗೆ ರಾಜಸ್ಥಾನ ರಾಯಲ್ಸ್ 1.10 ಕೋಟಿ ಕೊಟ್ಟಿತು. ಮಗನ ಆಟಕ್ಕಾಗಿ ಜಮೀನು ಮಾರಿದ್ದಾಗಿ ತಂದೆ ಹೇಳಿದರು. ಮುಂದಿನ ಏಪ್ರಿಲ್‌ನಲ್ಲಿ ಹುಡುಗ 35 ಎಸೆತಕ್ಕೆ ಶತಕ ಹೊಡೆದ. ಜಮೀನು ಮಾರಿಯೂ ಏನೂ ಗಿಟ್ಟದವರ ಸುದ್ದಿಯನ್ನು ಯಾವ ಪೇಪರ್ ಹಾಕೀತು?

ನನಗೆ ಸಂಕಟ ದುಡ್ಡಿಗಿಂತ ಆಟದ್ದು. ಮೊನ್ನೆ ಹನ್ನೆರಡರೊಳಗಿನವರ ಮ್ಯಾಚಿನಲ್ಲಿ ಸಣಕಲು ಹುಡುಗನೊಬ್ಬ ಲೆಗ್ ಸ್ಪಿನ್ ಹಾಕುತ್ತಿದ್ದ. ಮಣಿಕಟ್ಟು ಚೆನ್ನಾಗಿ ತಿರುಗುತ್ತಿತ್ತು, ಚೆಂಡನ್ನು ಮೇಲಕ್ಕೆ ತೂರುವ ಎದೆಗಾರಿಕೆಯೂ ಇತ್ತು. ಎರಡನೇ ಓವರಿನಲ್ಲಿ ಸಾಲಾಗಿ ಎರಡು ಸಿಕ್ಸರ್ ಬಿದ್ದವು. ಮುಂದಿನದನ್ನು ಅವನು ಇನ್ನೂ ನಿಧಾನ, ಇನ್ನೂ ಹೊರಗೆ ಹಾಕಿದ. ಕ್ರೀಸು ಬಿಟ್ಟು ಬಂದ ಬ್ಯಾಟರ್ ಪೂರಾ ಏಮಾರಿದ. ಕೀಪರ್ ಚೆಂಡು ಕೈಚೆಲ್ಲಿದ, ಅದು ಬೇರೆ ಮಾತು. ಹೊಡೆಸಿಕೊಂಡ ಮೇಲೂ ಹೀಗೆ ಯೋಚಿಸುವವನೇ ಸ್ಪಿನ್ನರ್. ಓವರ್ ಮುಗಿಯಿತು, ಚೆಂಡು ಬೇರೆಯವನ ಕೈಗೆ ಹೋಯಿತು. ದುಡ್ಡು ಕಟ್ಟಿದ ಮಕ್ಕಳೆಲ್ಲರಿಗೂ ಒಂದೊಂದು ಪಾಲು ಸಿಗಬೇಕಲ್ಲ. ಕೋಚನ್ನು ಬೈದು ಫಲವಿಲ್ಲ, ಮೈದಾನದ ಬಾಡಿಗೆ ಹುಟ್ಟುವುದು ಅದೇ ದುಡ್ಡಿನಲ್ಲಿ. ಚಂದ್ರಶೇಖರ್, ಕುಂಬ್ಳೆ ಅವರ ಊರಿನಲ್ಲಿ ಲೆಗ್ ಸ್ಪಿನ್ನರ್‌ಗೆ ರೇಷನ್!

ದ್ರಾವಿಡ್ ಕೋಚ್ ಕೇಕಿ ತಾರಾಪೂರ್ ಕಣ್ಣಿಗೆ ಬಿದ್ದದ್ದು ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ, ಯಾವ ಟೂರಿನಲ್ಲೂ ಅಲ್ಲ. ಟೂರಿನ ದುಡ್ಡು ಉಳಿಸಿ, ಲೀಗ್ ಆಡುವ ಯಾವುದಾದರೂ ಹಳೇ ಕ್ಲಬ್ಬಿಗೆ ಹುಡುಗನನ್ನು ಸೇರಿಸಿ ನೋಡಿ. ಮೊದಮೊದಲು ಹನ್ನೆರಡನೆಯವನಾಗಿ ನೀರು ಹೊರಬೇಕಾದೀತು. ಆದರೆ ಅಲ್ಲಿ ಪಾಯಿಂಟಿನ ಲೆಕ್ಕವಿರುತ್ತದೆ, ವಿಕೆಟ್ ಬೇಕಾದಾಗ ಕ್ಯಾಪ್ಟನ್ ಯಾರ ಅಪ್ಪನ ಮುಖವನ್ನೂ ನೋಡುವುದಿಲ್ಲ.